ಶಿಬುಯಾದ ಬೀದಿಯಲ್ಲಿ ಸಾವಿರ ಸಲ: ಕವಾಷಿಮಾ ಐ ಅವರ ಹಾಡಿನ ಹಾದಿ

2003ರ ವಸಂತದಲ್ಲಿ ಟೋಕಿಯೊ ನಗರದ ಶಿಬುಯಾ ನಿಲ್ದಾಣದ ಸುತ್ತ ಓಡಾಡಿದವರು ಒಂದೇ ಕಂಠವನ್ನು ಎರಡು ಕಡೆ ಕೇಳಬಹುದಿತ್ತು. ಸಿ.ಡಿ. ಅಂಗಡಿಗಳಲ್ಲಿ ‘ಐ ವಿಶ್’ ಎಂಬ ಹೊಸ ಜೋಡಿಯ ‘ಆಸು ಎ ನೊ ತೊಬಿರಾ’ (ನಾಳೆಯ ಬಾಗಿಲು) ಎಂಬ ಹಾಡು ಎಡೆಬಿಡದೆ ಮೊಳಗುತ್ತಿತ್ತು. ಅದು ಜಪಾನಿನ ಮಾರಾಟದ ಲೆಕ್ಕ ಹೇಳುವ ಓರಿಕಾನ್ ಪಟ್ಟಿಯ ತುದಿಗೇರಿತ್ತು, ಆದರೆ ಹಾಡಿದವರು ಯಾರೆಂದು ಪ್ರಕಟವಾಗಿರಲಿಲ್ಲ. ಅದೇ ದಿನಗಳಲ್ಲಿ, ಅದೇ ಶಿಬುಯಾದ ರಸ್ತೆಯಂಚಿನಲ್ಲಿ, ಹದಿನೇಳರ ಹುಡುಗಿಯೊಬ್ಬಳು ಕೀಬೋರ್ಡ್ ಮುಂದೆ ನಿಂತು ತಾನೇ ಬರೆದು ರಾಗ ಹಾಕಿದ ಹಾಡುಗಳನ್ನು ಹಾಡುತ್ತಿದ್ದಳು ಮತ್ತು ಸ್ವಂತ ಖರ್ಚಿನಲ್ಲಿ ಮಾಡಿಸಿದ ಸಿ.ಡಿ.ಗಳನ್ನು ನಿಂತು ಕೇಳಿದವರಿಗೆ ಕೈಯಾರೆ ಮಾರುತ್ತಿದ್ದಳು. ಅಂಗಡಿಯೊಳಗಿನ ಕಂಠವೂ ಬೀದಿಯ ಕಂಠವೂ ಕವಾಷಿಮಾ ಐ ಅವರದೇ ಆಗಿತ್ತು. ನಾಡಿನಲ್ಲೇ ಅತಿ ಹೆಚ್ಚು ಮಾರಾಟವಾಗುತ್ತಿರುವ ಹಾಡಿನ ಗಾಯಕಿ ಆ ಮಾತನ್ನು ಯಾರಿಗೂ ಹೇಳದೆ ಬೀದಿಯಲ್ಲೇ ಏಕೆ ಉಳಿದರು ಎಂಬುದು ಅರ್ಥವಾಗಬೇಕಾದರೆ ಅವರ ಬಾಳಿನ ಕಥೆಯ ಜೊತೆಗೆ, ಜಪಾನಿನಲ್ಲಿ ಬೀದಿಗಾಯನ ಎಂಬುದು ನಿಜವಾಗಿ ಹೇಗೆ ನಡೆಯುತ್ತದೆ, ಅಲ್ಲಿನ ಸಂಗೀತ ಉದ್ಯಮ ಹಾಡೊಂದನ್ನು ಹೇಗೆ ಮೇಲಕ್ಕೆತ್ತುತ್ತದೆ ಎಂಬುದನ್ನೂ ತಿಳಿಯಬೇಕಾಗುತ್ತದೆ.

ಜಪಾನೀಯರು ಮನೆತನದ ಹೆಸರನ್ನು ಮೊದಲು ಹೇಳುತ್ತಾರೆ. ಹಾಗಾಗಿ ಕವಾಷಿಮಾ ಎಂಬುದು ಮನೆತನ, ಐ ಎಂಬುದು ಅವರ ಹೆಸರು. ಆ ಹೆಸರನ್ನು ಅವರು ಸರಳವಾದ ಹಿರಗನ ಅಕ್ಷರಗಳಲ್ಲಿ ಬರೆಯುತ್ತಾರೆ, ಆದರೆ ಅದರ ಉಚ್ಚಾರಣೆ ಜಪಾನೀ ಭಾಷೆಯಲ್ಲಿ ಪ್ರೀತಿ ಎಂಬ ಅರ್ಥದ ಪದದ ಉಚ್ಚಾರಣೆಯೇ ಆಗಿದೆ. ಅವರು ಹುಟ್ಟಿದ್ದು 1986ರ ಫೆಬ್ರವರಿ 21ರಂದು, ಕ್ಯೂಷು ದ್ವೀಪದ ಫುಕುವೋಕಾದಲ್ಲಿ. ಹೆತ್ತ ತಾಯಿಯನ್ನು ಎಳವೆಯಲ್ಲೇ ಕಳೆದುಕೊಂಡ ಮಗು ಮಕ್ಕಳ ಪಾಲನಾ ಮಂದಿರ ಸೇರಿತು. ಅಲ್ಲಿಂದ ಕವಾಷಿಮಾ ದಂಪತಿ ಅವಳನ್ನು ದತ್ತು ತೆಗೆದುಕೊಂಡು ಮಗಳಂತೆ ಸಾಕಿದರು. ಮಗು ಬಹಳ ಅಳುಕಿನ ಸ್ವಭಾವದ್ದಾಗಿದ್ದುದರಿಂದ ಸಾಕುತಾಯಿ ಅವಳನ್ನು ಸಂಗೀತದ ತರಗತಿಗೆ ಕರೆದೊಯ್ದರು. ಅಲ್ಲಿಂದ ಹಾಡು ಅವಳ ಪಾಲಿಗೆ ಧೈರ್ಯದ ಇನ್ನೊಂದು ಹೆಸರಾಯಿತು, ಮಗಳು ಗಾಯಕಿಯಾಗಬೇಕೆಂಬುದು ತಾಯಿಯ ಕನಸಾಯಿತು. ಹತ್ತನೆಯ ವಯಸ್ಸಿಗೆ ಸಾಕುತಂದೆ ತೀರಿಕೊಂಡರು. ಆಮೇಲೆ ಮನೆಯಲ್ಲಿ ಉಳಿದವರು ಇಬ್ಬರೇ. ತಾನು ಈ ಮನೆಯಲ್ಲಿ ಹುಟ್ಟಿದವಳಲ್ಲ ಎಂಬ ಸಂಗತಿ ಹದಿಹರೆಯದ ಹೊಸ್ತಿಲಲ್ಲಿ ಆಕೆಗೆ ಆಕಸ್ಮಿಕವಾಗಿ ತಿಳಿಯಿತು. ಈ ವಿವರಗಳನ್ನು ಕವಾಷಿಮಾ ಅವರೇ ಮುಂದೆ ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಅವರ ಹಾಡುಗಳಲ್ಲಿ ತಾಯಿಗೆ ಸಲ್ಲುವ ಕೃತಜ್ಞತೆ ಅಷ್ಟು ನೇರವಾಗಿ, ಅಲಂಕಾರವಿಲ್ಲದೆ ಬರುವುದಕ್ಕೆ ಇದೇ ಕಾರಣವೆಂದು ನನಗೆ ತೋರುತ್ತದೆ.

ಅವರ ಮೊದಲ ಪ್ರಯತ್ನ ಬೀದಿಯದಲ್ಲ ಎಂಬುದು ಬಹಳ ಮಂದಿಗೆ ತಿಳಿಯದು. ಚಿಕ್ಕ ವಯಸ್ಸಿನಲ್ಲೇ ಅವರು ಎಂಕಾ ಹಾಡುತ್ತಿದ್ದರು. ಎಂಕಾ ಎಂಬುದು ವಿರಹ, ಊರಿನ ನೆನಪು, ಬಂದರಿನ ವಿದಾಯಗಳನ್ನು ಕಂಪಿಸುವ ದನಿಯಲ್ಲಿ ಹಾಡುವ ಒಂದು ಪ್ರಕಾರ. ಹೆಚ್ಚಾಗಿ ಹಿರಿಯರು ಕೇಳುವಂಥದು. ಆ ದಾರಿಯಲ್ಲಿ ಧ್ವನಿಮುದ್ರಿಕೆ ಹೊರಬಂದರೂ ಹೆಸರು ಬರಲಿಲ್ಲ. ಹದಿನೈದು ದಾಟಿದ ಹುಡುಗಿ ತಾಯಿಯನ್ನು ಫುಕುವೋಕಾದಲ್ಲಿ ಬಿಟ್ಟು ಒಬ್ಬಳೇ ಟೋಕಿಯೊಗೆ ಬಂದಳು, ಆದರೆ ಹೊಣೆ ಹೊತ್ತಿದ್ದ ಸಂಸ್ಥೆ ಸ್ವಲ್ಪ ಕಾಲದಲ್ಲೇ ಅವಳನ್ನು ಕೈಬಿಟ್ಟಿತು. ರಾತ್ರಿ ಫೋನಿನಲ್ಲಿ ಅಳುತ್ತ ಊರಿಗೆ ಮರಳುತ್ತೇನೆ ಎಂದಾಗಲೆಲ್ಲ ತಾಯಿ ಒಪ್ಪುತ್ತಿರಲಿಲ್ಲ. ಹಾಡಲು ವೇದಿಕೆ ಇಲ್ಲದವಳಿಗೆ ಉಳಿದಿದ್ದ ಜಾಗ ಬೀದಿ. 2002ರಲ್ಲಿ, ಹದಿನಾರನೆಯ ವಯಸ್ಸಿನಲ್ಲಿ, ಅವರು ಬೀದಿಗಾಯನಕ್ಕೆ ಇಳಿದರು.

ಜಪಾನಿನಲ್ಲಿ ಇದನ್ನು ‘ರೊಜೋ ರೈಬು’ ಎನ್ನುತ್ತಾರೆ. ರೊಜೋ ಎಂದರೆ ರಸ್ತೆಯ ಮೇಲೆ, ರೈಬು ಎಂಬುದು ಲೈವ್ ಎಂಬ ಪದ ಜಪಾನೀ ನಾಲಿಗೆಯಲ್ಲಿ ಪಡೆದ ರೂಪ. ಕೇಳಿದವರು ಮನಸ್ಸಿಗೆ ಬಂದಷ್ಟು ನಾಣ್ಯ ಹಾಕುವುದಕ್ಕೆ ‘ನಗೆಸೆನ್’, ಅಂದರೆ ಎಸೆದ ಹಣ, ಎಂಬ ಹಳೆಯ ಮಾತಿದೆ. ಹೊರಗಿನಿಂದ ನೋಡಿದರೆ ಇದು ಯಾರು ಬೇಕಾದರೂ ಎಲ್ಲಿ ಬೇಕಾದರೂ ಮಾಡಬಹುದಾದ ಸ್ವಚ್ಛಂದ ಕೆಲಸದಂತೆ ಕಾಣುತ್ತದೆ. ವಾಸ್ತವ ಹಾಗಿಲ್ಲ. ಜಪಾನಿನ ರಸ್ತೆ ಸಂಚಾರ ಕಾನೂನಿನ 77ನೆಯ ವಿಧಿಯ ಪ್ರಕಾರ, ರಸ್ತೆಯಲ್ಲಿ ಜನ ಸೇರಿಸುವಂಥ ಯಾವುದೇ ಕೆಲಸಕ್ಕೆ ಆ ಪ್ರದೇಶದ ಪೊಲೀಸ್ ಠಾಣೆಯ ಮುಖ್ಯಸ್ಥರಿಂದ ರಸ್ತೆ ಬಳಕೆಯ ಪರವಾನಗಿ ಬೇಕು. ಒಬ್ಬಂಟಿ ಹುಡುಗ ಅಥವಾ ಹುಡುಗಿ ಗಿಟಾರ್ ಹಿಡಿದು ಹಾಡುವುದಕ್ಕೆ ಆ ಪರವಾನಗಿ ಸಿಗುವುದು ಅಪರೂಪ. ಆದ್ದರಿಂದ ಬಹುಪಾಲು ಬೀದಿಗಾಯಕರು ಪರವಾನಗಿ ಇಲ್ಲದೆಯೇ ಹಾಡುತ್ತಾರೆ. ಪೊಲೀಸರು ಬಂದು ನಿಲ್ಲಿಸಿ ಎಂದರೆ ತಲೆಬಾಗಿಸಿ ಸಾಮಾನು ಕಟ್ಟಿ, ಬೇರೆ ಮೂಲೆಗೆ ಹೋಗುತ್ತಾರೆ ಅಥವಾ ಮರುದಿನ ಬರುತ್ತಾರೆ. ಒಂದೇ ಜಾಗದಲ್ಲಿ ತಡೆಯಿಲ್ಲದೆ ಎರಡು ಗಂಟೆ ಹಾಡಲು ಸಿಕ್ಕರೆ ಅದು ಒಳ್ಳೆಯ ದಿನ.

ಈ ಪದ್ಧತಿಗೂ ಒಂದು ಚರಿತ್ರೆ ಇದೆ. 1980ರ ದಶಕದ ಕೊನೆಯಲ್ಲಿ ಟೋಕಿಯೊದ ಹರಾಜುಕು ಮತ್ತು ಯೊಯೊಗಿ ಉದ್ಯಾನದ ನಡುವಿನ ರಸ್ತೆಯನ್ನು ಭಾನುವಾರಗಳಂದು ವಾಹನಗಳಿಗೆ ಮುಚ್ಚಲಾಗುತ್ತಿತ್ತು. ಜನ ಅದನ್ನು ‘ಹೊಕೊತೆನ್’, ನಡೆಯುವವರ ಸ್ವರ್ಗ, ಎಂದು ಕರೆಯುತ್ತಿದ್ದರು. ಅಲ್ಲಿ ಸಾಲುಸಾಲಾಗಿ ನಿಂತು ಅಬ್ಬರಿಸುತ್ತಿದ್ದ ರಾಕ್ ತಂಡಗಳಿಂದಲೇ ಆ ಕಾಲದ ವಾದ್ಯತಂಡಗಳ ದೊಡ್ಡ ಅಲೆಯೆದ್ದಿತು. ಗದ್ದಲ ಮತ್ತು ಸಂಚಾರದ ದೂರುಗಳ ನಡುವೆ ಆ ಏರ್ಪಾಡು 1998ರಲ್ಲಿ ನಿಂತುಹೋಯಿತು. ಆದರೆ ಅಷ್ಟರಲ್ಲಿ ಬೀದಿಸಂಗೀತ ಬೇರೆ ರೂಪ ತಳೆದಿತ್ತು: ದೊಡ್ಡ ಧ್ವನಿವರ್ಧಕಗಳ ಬದಲು ಒಂದು ಗಿಟಾರ್, ಒಂದು ಹಾರ್ಮೋನಿಕಾ, ಮುಚ್ಚಿದ ಅಂಗಡಿಯ ಷಟರ್ ಮುಂದಿನ ಮೆಟ್ಟಿಲು. ಯೊಕೊಹಾಮಾದ ಇಸೆಝಾಕಿಚೊ ಎಂಬ ಅಂಗಡಿಬೀದಿಯಲ್ಲಿ, ಮತ್ಸುಝಾಕಾಯಾ ಎಂಬ ದೊಡ್ಡ ಮಳಿಗೆಯ ಮುಂದೆ, ‘ಯುಝು’ ಎಂಬ ಜೋಡಿ ಹೀಗೆ ಹಾಡಿ ಹೆಸರಾಯಿತು. 1998ರ ಆಗಸ್ಟ್ 30ರಂದು ಅವರು ಅಲ್ಲಿ ಕೊನೆಯ ಸಲ ಹಾಡಿದಾಗ ಸುರಿವ ಮಳೆಯಲ್ಲೂ ಸುಮಾರು 7,500 ಜನ ಸೇರಿದ್ದರು. ಒಸಾಕಾ ಪಕ್ಕದ ಸಕಾಯ್ ಊರಿನ ಬೀದಿಯಲ್ಲಿ ಭೇಟಿಯಾದ ಇಬ್ಬರು ‘ಕೊಬುಕುರೊ’ ಎಂಬ ಜೋಡಿಯಾದರು. ಕನಗಾವಾದ ಹೊನ್-ಅತ್ಸುಗಿ ಮತ್ತು ಎಬಿನಾ ನಿಲ್ದಾಣಗಳ ಮುಂದೆ ಹಾಡುತ್ತಿದ್ದ ‘ಇಕಿಮೊನೊ-ಗಕಾರಿ’ ತಂಡವೂ ಮುಂದೆ, 2006ರಲ್ಲಿ, ದೊಡ್ಡ ಸಂಸ್ಥೆಯ ಮೂಲಕ ಹೊರಬಂದಿತು. ಐ ಅವರು ಬೀದಿಗೆ ಇಳಿಯುವ ಹೊತ್ತಿಗೆ, ಬೀದಿಯಿಂದ ಮೇಲೇರಬಹುದು ಎಂಬುದು ಎಲ್ಲರೂ ಕಂಡ ಸಂಗತಿಯಾಗಿತ್ತು. ಆ ಕಾರಣಕ್ಕೇ ಶಿಬುಯಾದಂಥ ಜಾಗದಲ್ಲಿ ಹಾಡುವವರ ಸಂಖ್ಯೆ ಹೆಚ್ಚಿ, ನಿಂತು ಕೇಳುವವರನ್ನು ಗಳಿಸುವುದು ಹೆಚ್ಚು ಕಷ್ಟವಾಗಿತ್ತು.

ಅದೇ 2002ರಲ್ಲಿ ಟೋಕಿಯೊ ಮಹಾನಗರದ ಆಡಳಿತ ‘ಹೆವನ್ ಆರ್ಟಿಸ್ಟ್’ ಎಂಬ ವ್ಯವಸ್ಥೆಯನ್ನು ಆರಂಭಿಸಿತು. ಪರೀಕ್ಷೆಯಲ್ಲಿ ಗೆದ್ದ ಕಲಾವಿದರಿಗೆ ಪರವಾನಗಿ ಕೊಟ್ಟು, ಉಎನೊ ಉದ್ಯಾನದಂಥ ಗೊತ್ತುಪಡಿಸಿದ ಜಾಗಗಳಲ್ಲಿ ಮಾತ್ರ ಪ್ರದರ್ಶನಕ್ಕೆ ಅವಕಾಶ ಕೊಡುವ ಕ್ರಮ ಇದು. ಪಳಗಿದ ಕಲಾವಿದರಿಗೆ ಇದರಿಂದ ಅನುಕೂಲವಾಗಿದೆ. ಆದರೆ ಇನ್ನೂ ಪಳಗದ, ಜನರ ಮುಂದೆ ಹಾಡುತ್ತಲೇ ಹಾಡುವುದನ್ನು ಕಲಿಯಬೇಕಾದ ಹದಿನಾರರ ಹುಡುಗಿಗೆ ಬೇಕಿದ್ದುದು ಬೇರೆಯೇ ಆಗಿತ್ತು ಎಂದು ನಾನು ಭಾವಿಸುತ್ತೇನೆ.

ಈಗ ಅವರ ಕಥೆಯಲ್ಲಿ ನನಗೆ ಅತಿ ಮುಖ್ಯವೆನಿಸುವ ಭಾಗಕ್ಕೆ ಬರುತ್ತೇನೆ. ಬೀದಿಗಾಯಕರ ಏಳಿಗೆಯನ್ನು ಹೇಳುವವರು ಸಾಮಾನ್ಯವಾಗಿ ಆಕಸ್ಮಿಕ ಭೇಟಿಯೊಂದನ್ನು ನಡುವೆ ಇಡುತ್ತಾರೆ: ಯಾರೋ ದೊಡ್ಡವರು ಆ ದಾರಿಯಲ್ಲಿ ಬಂದರು, ಕೇಳಿದರು, ಬಾಳು ಬದಲಾಯಿತು ಎಂದು. ಕವಾಷಿಮಾ ಅವರು ಅಂಥ ಭೇಟಿಗಾಗಿ ಕಾಯುತ್ತ ಕೂರಲಿಲ್ಲ. ಅವರು ಮೂರು ಗುರಿಗಳನ್ನು ಅಂಕಿಗಳಲ್ಲೇ ಬರೆದಿಟ್ಟುಕೊಂಡರು. ಬೀದಿಯಲ್ಲಿ 1,000 ಸಲ ಹಾಡುವುದು. ಸ್ವಂತವಾಗಿ ಮಾಡಿಸಿದ ಸಿ.ಡಿ.ಯ 5,000 ಪ್ರತಿಗಳನ್ನು ಕೈಯಾರೆ ಮಾರುವುದು. ಶಿಬುಯಾ ಸಾರ್ವಜನಿಕ ಸಭಾಂಗಣದಲ್ಲಿ ತಾನೊಬ್ಬಳೇ ಗಾಯಕಿಯಾಗಿ ಇಡೀ ಕಛೇರಿ ನಡೆಸುವುದು. ಆ ಸಭಾಂಗಣವನ್ನು 1964ರ ಒಲಿಂಪಿಕ್ಸ್‌ಗಾಗಿ ಕಟ್ಟಲಾಗಿತ್ತು, ಭಾರ ಎತ್ತುವ ಸ್ಪರ್ಧೆ ಅಲ್ಲಿ ನಡೆದಿತ್ತು. ಅದರಲ್ಲಿ 2,000ಕ್ಕೂ ಹೆಚ್ಚು ಆಸನಗಳಿದ್ದವು. ಅಲ್ಲಿ ಒಂಟಿಯಾಗಿ ಕಛೇರಿ ಮಾಡುವುದೆಂದರೆ ಹೆಸರು ಮಾಡಿದ್ದೇವೆ ಎಂಬುದಕ್ಕೆ ಗುರುತು ಎಂದು ಜಪಾನಿನ ಗಾಯಕರು ಎಣಿಸುತ್ತಿದ್ದರು.

ಈ ಮೂರು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಅವು ಹದಿಹರೆಯದ ಹುಮ್ಮಸ್ಸಿನ ಮಾತುಗಳಲ್ಲ ಎಂಬುದು ಕಾಣುತ್ತದೆ. ಸಾವಿರ ಸಲ ಹಾಡಿ ಐದು ಸಾವಿರ ಪ್ರತಿ ಮಾರುವುದೆಂದರೆ ಪ್ರತಿ ಸಲ ಸರಾಸರಿ ಐದು ಪ್ರತಿ. ಹಾದುಹೋಗುವ ಸಾವಿರಾರು ಜನರಲ್ಲಿ ದಿನಕ್ಕೆ ಐವರನ್ನು ನಿಲ್ಲಿಸಿ, ಮನೆಗೆ ಕೊಂಡೊಯ್ಯುವಷ್ಟು ಇಷ್ಟಪಡಿಸುವುದು ಕಷ್ಟ, ಆದರೆ ಆಗದ್ದಲ್ಲ. ಹಾಗೆ ಕೊಂಡ ಐದು ಸಾವಿರ ಮಂದಿಯಲ್ಲಿ ಐವರಿಗೆ ಇಬ್ಬರಂತೆ ಬಂದರೂ ಸಭಾಂಗಣ ಹೆಚ್ಚುಕಡಿಮೆ ತುಂಬುತ್ತದೆ. ಅಂದರೆ ಯಾವ ದೊಡ್ಡ ಸಂಸ್ಥೆಯ ನೆರವೂ ಇಲ್ಲದೆ, ಒಬ್ಬೊಬ್ಬರನ್ನೇ ಗಳಿಸಿ, ಒಂದು ಸಭಾಂಗಣ ತುಂಬುವವರೆಗೆ ಕೊಂಡೊಯ್ಯಬಲ್ಲ ಏಣಿ ಅದು. ಅದರ ಪ್ರತಿ ಮೆಟ್ಟಿಲೂ ಎಣಿಸಲು ಬರುವಂಥದು. ಈ ಲೆಕ್ಕವನ್ನು ಅವರು ಹೀಗೆಯೇ ಹಾಕಿದ್ದರೆಂದು ನಾನು ಹೇಳುತ್ತಿಲ್ಲ, ಆದರೆ ಗುರಿಗಳು ಒಂದಕ್ಕೊಂದು ಹೊಂದುವ ಬಗೆಯಲ್ಲಿ ಬೀದಿಗಾಯನದ ಅರ್ಥಶಾಸ್ತ್ರವೇ ಅಡಗಿದೆ. ಬೀದಿಯಲ್ಲಿ ಸಿಗುವ ಚಿಲ್ಲರೆ ಹಣ ಅಲ್ಲಿ ಮುಖ್ಯವಲ್ಲ. ಕೈಯಿಂದ ಕೈಗೆ ದಾಟಿದ ಪ್ರತಿ ಸಿ.ಡಿ.ಯ ಜೊತೆಗೆ ಗಾಯಕಿಯ ಮುಖವನ್ನು ಹತ್ತಿರದಿಂದ ಕಂಡ, ಮುಂದೆ ಮರಳಿ ಬರಬಹುದಾದ ಒಬ್ಬ ಕೇಳುಗ ದೊರೆಯುತ್ತಾನೆ.

ಅಂಥ ಕೇಳುಗರಲ್ಲೇ ಕೆಲವರು ಯುವಕರು ಅವರಿಗೆ ಜೊತೆಯಾದರು. ಸಂಗೀತ ಉದ್ಯಮದ ಅನುಭವ ಅವರಿಗೂ ಇರಲಿಲ್ಲ. ಐ ಅವರ ಒಂಟಿ ಗಾಯನದ ಹಾಡುಗಳು ಹೊರಬಂದ ‘ತ್ಸುಬಾಸಾ’ ಎಂಬ ಸಣ್ಣ ಸ್ವತಂತ್ರ ಸಂಸ್ಥೆ ರೂಪುಗೊಂಡದ್ದು ಇಂಥ ಕೂಡುವಿಕೆಯಿಂದ. ತ್ಸುಬಾಸಾ ಎಂದರೆ ರೆಕ್ಕೆ.

2002ರ ಆಗಸ್ಟ್ 20ರಂದು ಸಾಕುತಾಯಿ ಫುಕುವೋಕಾದಲ್ಲಿ ತೀರಿಕೊಂಡರು. ಹದಿನಾರನೆಯ ವಯಸ್ಸಿಗೆ ಐ ಅವರಿಗೆ ತಮ್ಮವರು ಎಂದು ಹೇಳಿಕೊಳ್ಳಲು ಯಾರೂ ಉಳಿಯಲಿಲ್ಲ. ಮಗಳು ಗಾಯಕಿಯಾಗುವುದನ್ನು ಕಾಣಬೇಕೆಂದು ಬಯಸಿದ ಒಬ್ಬರೇ ಒಬ್ಬರು ಅದನ್ನು ಕಾಣದೆ ಹೋದರು. ಆಮೇಲೆ ಆ ಮೂರು ಅಂಕಿಗಳ ಅರ್ಥವೇ ಬದಲಾಯಿತು. ಅವು ಈಗ ತಾಯಿಗೆ ಕೊಟ್ಟ ಮಾತಿನಂತಾದವು, ಅದರಲ್ಲಿ ಒಂದನ್ನೂ ಕಡಿಮೆ ಮಾಡುವ ಹಾಗಿರಲಿಲ್ಲ.

ಇನ್ನು ಅಂಗಡಿಯೊಳಗಿನ ಹಾಡಿನ ಕಥೆ. ಜಪಾನಿನ ಜನಪ್ರಿಯ ಸಂಗೀತದಲ್ಲಿ ‘ತೈಅಪ್ಪು’ ಎಂಬ ಪದ್ಧತಿ ಬಹಳ ಬಲವಾದದ್ದು. ಇದು ಟೈ-ಅಪ್ ಎಂಬ ಪದದ ಜಪಾನೀ ರೂಪ: ದೂರದರ್ಶನದ ಧಾರಾವಾಹಿ, ಜಾಹೀರಾತು ಅಥವಾ ಕಾರ್ಯಕ್ರಮವೊಂದಕ್ಕೆ ಹೊಸ ಹಾಡನ್ನು ಕಟ್ಟಿಹಾಕಿ, ವಾರವಾರವೂ ಲಕ್ಷಾಂತರ ಮನೆಗಳಲ್ಲಿ ಅದು ಕಿವಿಗೆ ಬೀಳುವಂತೆ ಮಾಡುವುದು. ಹೆಸರಿಲ್ಲದ ಗಾಯಕರಿಗೂ ಇದರಿಂದ ಒಂದೇ ತಿಂಗಳಲ್ಲಿ ನಾಡಿನ ಕಿವಿ ಸಿಗಬಹುದು. ಫುಜಿ ವಾಹಿನಿಯಲ್ಲಿ 1999ರಿಂದ ಬರುತ್ತಿದ್ದ ‘ಐನೊರಿ’ ಎಂಬ ಕಾರ್ಯಕ್ರಮದಲ್ಲಿ ಒಬ್ಬರಿಗೊಬ್ಬರು ಪರಿಚಯವಿಲ್ಲದ ತರುಣ ತರುಣಿಯರು ಗುಲಾಬಿ ಬಣ್ಣದ ವ್ಯಾನಿನಲ್ಲಿ ದೇಶದೇಶ ಸುತ್ತುತ್ತಿದ್ದರು. ಯಾರಾದರೂ ಪ್ರೀತಿಯನ್ನು ಹೇಳಿಕೊಂಡು ಒಪ್ಪಿಗೆ ಪಡೆದರೆ ಜೋಡಿಯಾಗಿ ಊರಿಗೆ ಮರಳುತ್ತಿದ್ದರು. ಯುವಜನರು ಬಿಡದೆ ನೋಡುತ್ತಿದ್ದ ಈ ಕಾರ್ಯಕ್ರಮದ ಹಾಡಾಗಿ ‘ಆಸು ಎ ನೊ ತೊಬಿರಾ’ ಆಯ್ಕೆಯಾಯಿತು. ಅದನ್ನು ಹೊರತರಲು ನಾವೊ ಎಂಬ ವಾದಕರ ಜೊತೆಗೆ ‘ಐ ವಿಶ್’ ಜೋಡಿ ಹುಟ್ಟಿತು. ಸೋನಿಯಂಥ ದೊಡ್ಡ ಸಂಸ್ಥೆ ಅದನ್ನು 2003ರ ಫೆಬ್ರವರಿ 14ರಂದು ಬಿಡುಗಡೆ ಮಾಡಿತು.

ಈ ಹಾಡಿನ ರಾಗ ಹೊಸದಾಗಿರಲಿಲ್ಲ ಎಂಬುದು ಇನ್ನೂ ಸ್ವಾರಸ್ಯದ ಸಂಗತಿ. ಬೀದಿಯ ದಿನಗಳಲ್ಲಿ ಐ ಅವರು ‘ತಬಿದಾಚಿ ನೊ ಹಿ ನಿ…’ (ಹೊರಡುವ ದಿನ) ಎಂಬ ಹಾಡನ್ನು ರಚಿಸಿದ್ದರು. ಶಾಲೆ ಮುಗಿಸಿ ಗೆಳೆಯರಿಂದ ಅಗಲುವ ಹೊತ್ತಿನ ಹಾಡು ಅದು. ಅದೇ ರಾಗಕ್ಕೆ ಪ್ರೀತಿಯ ಆರಂಭವನ್ನು ಹೇಳುವ ಬೇರೆ ಸಾಹಿತ್ಯ ಬರೆದಾಗ ‘ಆಸು ಎ ನೊ ತೊಬಿರಾ’ ಆಯಿತು. ಒಂದೇ ರಾಗ ಅಗಲಿಕೆಗೂ ಕೂಡುವಿಕೆಗೂ ಹೊಂದಿಕೊಂಡಿತು.

ಹಾಗಾದರೆ ಅವರು ಮೌನವಾಗಿದ್ದದ್ದು ಏಕೆ? ಉದ್ಯಮದ ಕಡೆಯಿಂದ ನೋಡಿದರೆ, ಐ ವಿಶ್ ಜೋಡಿ ದೊಡ್ಡ ಸಂಸ್ಥೆಯದು, ಕವಾಷಿಮಾ ಐ ಎಂಬ ಒಂಟಿ ಗಾಯಕಿ ಸಣ್ಣ ಸ್ವತಂತ್ರ ಸಂಸ್ಥೆಯವರು. ಎರಡನ್ನೂ ಬೇರೆಬೇರೆಯಾಗಿ ಇಡುವುದು ನಡೆಯಬಲ್ಲ ಏರ್ಪಾಡು. ಮುಖ ತೋರದ ಗಾಯಕಿಯ ಸುತ್ತ ಹುಟ್ಟುವ ಕುತೂಹಲವೂ ಮಾರಾಟಕ್ಕೆ ನೆರವಾಗುತ್ತದೆ. ಇವು ನಿಜವಾದ ಕಾರಣಗಳೇ. ಆದರೂ ಇವುಗಳಿಗಿಂತ ಗುರಿಗಳ ಸ್ವರೂಪವೇ ಹೆಚ್ಚಿನದನ್ನು ವಿವರಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ದೂರದರ್ಶನದ ಬಲದಿಂದ ಲಕ್ಷ ಲಕ್ಷ ಪ್ರತಿಗಳು ಮಾರಾಟವಾದರೂ ಅವುಗಳಲ್ಲಿ ಒಂದೂ ಆ ಐದು ಸಾವಿರದ ಲೆಕ್ಕಕ್ಕೆ ಸೇರುವಂತಿರಲಿಲ್ಲ, ಏಕೆಂದರೆ ಮಾತು ಕೊಟ್ಟಿದ್ದುದು ಕೈಯಾರೆ ಮಾರುತ್ತೇನೆ ಎಂದು. ಪಟ್ಟಿಯ ಮೊದಲ ಸ್ಥಾನದಿಂದ ಬೀದಿಯ ಒಂದು ಸಂಜೆಯೂ ಕಡಿಮೆಯಾಗುತ್ತಿರಲಿಲ್ಲ. ‘ಆ ಹಾಡಿನ ಗಾಯಕಿ ನಾನೇ’ ಎಂದು ಒಮ್ಮೆ ಹೇಳಿದ್ದರೆ ಶಿಬುಯಾದಲ್ಲಿ ನೂಕುನುಗ್ಗಲಾಗುತ್ತಿತ್ತು, ಪೊಲೀಸರು ಬರುತ್ತಿದ್ದರು, ಬೀದಿಗಾಯನ ಅಲ್ಲಿಗೇ ಮುಗಿಯುತ್ತಿತ್ತು. ಹೆಸರಿಲ್ಲದಿರುವಿಕೆ ಬೀದಿಯಲ್ಲಿ ಉಳಿಯಲು ಬೇಕಾದ ಷರತ್ತೇ ಆಗಿತ್ತು.

2003ರ ಆಗಸ್ಟ್ 20ರಂದು, ತಾಯಿ ತೀರಿಕೊಂಡು ಸರಿಯಾಗಿ ಒಂದು ವರ್ಷವಾದ ದಿನ, ಕವಾಷಿಮಾ ಐ ಅವರು ಶಿಬುಯಾ ಸಾರ್ವಜನಿಕ ಸಭಾಂಗಣದ ವೇದಿಕೆಯೇರಿದರು. ಐ ವಿಶ್ ಜೋಡಿಯ ಗಾಯಕಿ ತಾನೇ ಎಂಬುದನ್ನು ಅವರು ಪ್ರಕಟಿಸಿದ್ದು ಆ ಸಂದರ್ಭದಲ್ಲಿ. ಮೂರು ಗುರಿಗಳಲ್ಲಿ ಎಲ್ಲಕ್ಕಿಂತ ದೂರದ್ದೆಂದು ಕಂಡದ್ದೇ ಹೀಗೆ ಮೊದಲು ಈಡೇರಿದವುಗಳ ಸಾಲಿಗೆ ಸೇರಿತು.

ಇಲ್ಲಿಗೆ ಕಥೆ ಮುಗಿದಂತೆ ಹೇಳುವವರಿದ್ದಾರೆ, ಆದರೆ ನನ್ನ ಮಟ್ಟಿಗೆ ಇದರ ನಂತರದ ಎರಡು ವರ್ಷಗಳೇ ಹೆಚ್ಚು ತೂಕದವು. ಗುಟ್ಟು ಬಯಲಾಗಿತ್ತು, ಸಭಾಂಗಣದ ಕನಸು ಈಡೇರಿತ್ತು, ಹೆಸರು ನಾಡಿಗೆಲ್ಲ ತಿಳಿದಿತ್ತು. ಆದರೂ ಅವರು ಬೀದಿಗೆ ಮರಳಿದರು, ಏಕೆಂದರೆ ಸಾವಿರದ ಎಣಿಕೆ ಇನ್ನೂ ಬಾಕಿ ಇತ್ತು. 2002ರಲ್ಲಿ ಆರಂಭಿಸಿದ ಆ ಎಣಿಕೆಯನ್ನು ಅವರು 2005ರಲ್ಲಿ ಪೂರೈಸಿದರು. ಮೂರು ವರ್ಷಗಳಲ್ಲಿ ಇರುವುದೇ ಸಾವಿರದ ತೊಂಬತ್ತಾರು ದಿನಗಳು. ಮಳೆ, ಚಳಿ, ಪರೀಕ್ಷೆ, ಧ್ವನಿಮುದ್ರಣ, ಗಂಟಲು ಕಟ್ಟಿದ ದಿನಗಳು ಎಲ್ಲವನ್ನೂ ಸೇರಿಸಿಯೂ ಸರಾಸರಿ ಹೆಚ್ಚುಕಡಿಮೆ ದಿನಕ್ಕೊಂದು ಸಲ ಹಾಡಿದಂತಾಯಿತು, ಅಥವಾ ಹಾಡಲಾಗದ ದಿನದ ಬಾಕಿಯನ್ನು ಇನ್ನೊಂದು ದಿನ ತೀರಿಸಿದಂತಾಯಿತು. ಯುಝು ಜೋಡಿ ಬೀದಿಯನ್ನು ಬಿಟ್ಟದ್ದು ಸಹಜವಾಗಿತ್ತು: ಜನ ಹೆಚ್ಚಿ ಬೀದಿಯೇ ಸಾಲದಾಯಿತು. ಕವಾಷಿಮಾ ಅವರದು ಇದಕ್ಕಿಂತ ಭಿನ್ನ. ಅವರು ಹೆಸರು ಬಂದ ಮೇಲೂ ಬಾಕಿ ತೀರಿಸಲು ಬೀದಿಯಲ್ಲಿ ನಿಂತರು. ಐ ವಿಶ್ ಜೋಡಿ ಅದೇ 2005ರಲ್ಲಿ ಮುಕ್ತಾಯವಾಯಿತು. ದೊಡ್ಡ ಸಂಸ್ಥೆಯ ಹೆಸರು ಹೋಯಿತು, ಬೀದಿಯಲ್ಲಿ ಗಳಿಸಿದ ಹೆಸರು ಉಳಿಯಿತು.

‘ತಬಿದಾಚಿ ನೊ ಹಿ ನಿ…’ ತನ್ನ ಮೂಲ ಸಾಹಿತ್ಯದೊಡನೆ 2006ರಲ್ಲಿ ಪ್ರತ್ಯೇಕ ಧ್ವನಿಮುದ್ರಿಕೆಯಾಗಿ ಬಂದು, ಜಪಾನಿನ ಶಾಲೆಗಳ ಬೀಳ್ಕೊಡುಗೆಯ ಹಾಡುಗಳಲ್ಲಿ ಒಂದಾಯಿತು. ಅಲ್ಲಿ ಶಾಲಾ ವರ್ಷ ಮುಗಿಯುವುದು ಮಾರ್ಚ್‌ನಲ್ಲಿ. ಆ ತಿಂಗಳ ಸಮಾರಂಭಗಳಲ್ಲಿ ಮಕ್ಕಳು ಒಟ್ಟಾಗಿ ಹಾಡಿ ಅಗಲುವುದು ಗಟ್ಟಿಯಾದ ಸಂಪ್ರದಾಯ. (ಹೆಚ್ಚುಕಡಿಮೆ ಇದೇ ಹೆಸರಿನ ಇನ್ನೊಂದು ಬೀಳ್ಕೊಡುಗೆಯ ಹಾಡಿದೆ. ಅದನ್ನು 1991ರಲ್ಲಿ ಸೈತಾಮಾ ಪ್ರಾಂತ್ಯದ ಚಿಚಿಬು ಊರಿನ ಶಾಲೆಯೊಂದರ ಶಿಕ್ಷಕರು ತಮ್ಮ ಮಕ್ಕಳಿಗಾಗಿ ರಚಿಸಿದರು. ಎರಡನ್ನೂ ಒಂದೆಂದು ತಿಳಿಯುವವರು ಜಪಾನಿನಲ್ಲೂ ಇದ್ದಾರೆ.) ಕವಾಷಿಮಾ ಅವರು ಅನೇಕ ಶಾಲೆಗಳಿಗೆ ಮುನ್ಸೂಚನೆಯಿಲ್ಲದೆ ಹೋಗಿ, ಬೀಳ್ಕೊಡುಗೆಯ ದಿನ ಮಕ್ಕಳ ಮುಂದೆ ಈ ಹಾಡು ಹಾಡಿದ್ದಾರೆ. ಎದುರಿಗೆ ನಿಂತವರ ಮುಖ ನೋಡುತ್ತ ಹಾಡುವ ಬೀದಿಯ ಅಭ್ಯಾಸ ಅಲ್ಲಿಯೂ ಮುಂದುವರಿದಿದೆ. ಹಾಡಿನಿಂದ ಬಂದ ಹಣದಲ್ಲಿ ಬಡ ದೇಶಗಳಲ್ಲಿ ಶಾಲೆ ಕಟ್ಟಿಸುವ ಕೆಲಸವನ್ನೂ ಅವರು ಕೈಗೊಂಡರು. ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊದಲ್ಲಿ ಅಂಥ ಶಾಲೆ ಎದ್ದಿದೆ.

ಆ ಹಳೆಯ ಸಭಾಂಗಣವನ್ನು ಕೆಡವಿ, ಅದೇ ಜಾಗದಲ್ಲಿ ಕಟ್ಟಿದ ಹೊಸ ಕಟ್ಟಡ 2019ರಲ್ಲಿ ತೆರೆಯಿತು. ಐ ಅವರು ಆಗಸ್ಟ್ 20ನ್ನು ಮಾತ್ರ ಬಿಡಲಿಲ್ಲ. 2003ರ ನಂತರ ವರ್ಷ ವರ್ಷವೂ, ತಾಯಿ ತೀರಿಕೊಂಡ ಆ ದಿನವನ್ನೇ ಅವರು ತಮ್ಮ ಕಛೇರಿಗೆ ಗೊತ್ತುಮಾಡಿಕೊಳ್ಳುತ್ತ ಬಂದರು.